ರೇಮಂಡನಿಗೆ ನಾನು ಕೊಟ್ಟ ಅಜ್ಜ

'ಗೊತ್ತಿಲ್ಲ' ಎಂಬ ಮಾತು ನನ್ನ ನಾಲಗೆಗೆ ಒಗ್ಗಿ ಬಂದಿಲ್ಲ. ದಾರಿ ಕೇಳಿದವರಿಗೆ ನಾನೇ ಕಾಣದ ಊರಿನ ತಿರುವುಗಳನ್ನೂ ಕೈ ಬೀಸಿ ತೋರಿಸಿದವನು ನಾನು. ಅವರೆಲ್ಲ ಎಲ್ಲೆಲ್ಲಿ ಸುತ್ತಿದರೋ ದೇವರೇ ಬಲ್ಲ. ಆದರೆ ಒಬ್ಬ ಮನುಷ್ಯನ ಅಜ್ಜನನ್ನೇ ಬದಲಾಯಿಸಿಬಿಟ್ಟದ್ದು ಮಾತ್ರ ಒಂದೇ ಸಲ.

ಬ್ರ್ಯಾಂಪ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವನು ರೇಮಂಡ್ ಗ್ರೀನ್‌ವುಡ್. ಟ್ರಕ್ಕು ಓಡಿಸಿ ನಿವೃತ್ತನಾದವನು, ಎಪ್ಪತ್ತು ದಾಟಿದವನು, ಮನೆಯಲ್ಲಿ ಒಬ್ಬನೇ. ಕೆನಡಾಕ್ಕೆ ನೂರೈವತ್ತು ತುಂಬಿದ ಆ ಬೇಸಿಗೆಯಲ್ಲಿ ಎಲ್ಲರಿಗೂ ಪೂರ್ವಜರ ನೆನಪು ಉಕ್ಕಿತ್ತು. ಬೇಲಿಯ ಆಚೆಯಿಂದ ರೇಮಂಡ್ ಹೇಳಿದ: "ನನಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅವನ ಊರು ಯಾವುದೋ, ಅವನಪ್ಪ ಯಾರೋ. ಸಿಟ್ಟು ಬಂದರೆ ಫ್ರೆಂಚಿನಲ್ಲಿ ಬೈಯುತ್ತಿದ್ದ, ಕ್ವಿಬೆಕ್ ಕಡೆಯವನಿರಬೇಕು. ನೀನು ಕಂಪ್ಯೂಟರಿನವನು, ಹುಡುಕಿಕೊಡುತ್ತೀಯಾ?" ನಾನು ಗೋದಾಮಿಗೆ ಬಂದುಹೋಗುವ ಪೆಟ್ಟಿಗೆಗಳ ವಿವರವನ್ನು ಕಂಪ್ಯೂಟರಿಗೆ ತುಂಬುವವನು. "ಅದೇನು ಮಹಾ!" ಎಂದೆ.

ಎರಡು ವಾರ 'ಗ್ರೀನ್‌ವುಡ್' ಎಂದು ಒತ್ತಿದ್ದೇ ಒತ್ತಿದ್ದು. ಕ್ವಿಬೆಕ್ಕಿನಲ್ಲಿ ಹೊಂದುವವರು ಒಬ್ಬರೂ ಸಿಗಲಿಲ್ಲ. ದಿನಾ ಸಂಜೆ ಆತ ಬೇಲಿಯ ಬಳಿ ಕಾಯುವುದನ್ನು ನೋಡಲಾಗದೆ, ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಹಡಗಿನ ಕಪ್ತಾನ ಗ್ರೀನ್‌ವುಡ್ಡನನ್ನು ಹಿಡಿದು, 'ಬಹುಶಃ' ಎಂಬ ಪದವನ್ನು ಮೆಲ್ಲಗೆ ನುಂಗಿ, ಅಜ್ಜನೆಂದು ಕೊಟ್ಟುಬಿಟ್ಟೆ. ರೇಮಂಡ್ ನನ್ನನ್ನು ತಬ್ಬಿಕೊಂಡ. ಮರುವಾರ ಅವನ ಕಿಟಕಿಯಲ್ಲಿ ಬಾಟಲಿಯೊಳಗಿನ ಹಡಗು, ತಲೆಯ ಮೇಲೆ ಕಪ್ತಾನನ ಬಿಳಿ ಟೋಪಿ. ಓಕ್‌ವಿಲ್ಲಿನಲ್ಲಿದ್ದ ಅವನ ಮಗಳು, ಅಜ್ಜನ ಗೌರವಕ್ಕೆ ಶನಿವಾರ ಇಡೀ ಕುಟುಂಬ ದೋಣಿಯಲ್ಲಿ ಸರೋವರ ಸುತ್ತುವುದೆಂದು ಗೊತ್ತುಮಾಡಿದಳು.

ನನಗೆ ಊಟ ಸೇರದಾಯಿತು. "ಯಾಕ್ರೀ, ಮಾರಿ ಹಿಂಗ ಮಾಡೀರಿ?" ಎಂದಳು ಹೆಂಡತಿ ಶೈಲಾ. ಎಲ್ಲ ಹೇಳಿದೆ.

"ಅಲ್ರೀ, ಅವರಪ್ಪ ಫ್ರೆಂಚಿನ್ಯಾಗ ಬೈತಿದ್ದಾಂದ್ರ ಅಡ್ಡಹೆಸರು ಇಂಗ್ಲಿಷ್ ಹ್ಯಾಂಗ ಆಗ್ತದ? ಧಾರವಾಡದಾಗ ನಮ್ಮ ಓಣ್ಯಾಗಿನ ಉಳ್ಳಾಗಡ್ಡಿಯವರು ಪುಣೆಕ್ಕ ಹೋಗಿ, ಅದನ್ನ ಮರಾಠಿ ಮಾಡಿ, ಕಾಂದೆ ಆಗ್ಲಿಲ್ಲೇನು? ಹಸರ ಕಟಗಿಗೆ ಫ್ರೆಂಚಿನ್ಯಾಗ ಏನಂತಾರ, ಅದನ್ನ ಚೆಕ್ ಮಾಡ್ರಿ."

ಮಾಡಿದೆ. ಬ್ವಾವೇರ್! ಆ ಹೆಸರು ಒತ್ತಿದ್ದೇ ತಡ, ಕ್ವಿಬೆಕ್ಕಿನ ಹಳೆಯ ಚರ್ಚುಗಳ ದಾಖಲೆಯಿಂದ ಬ್ವಾವೇರ್‌ಗಳ ದಂಡೇ ಎದ್ದುಬಂತು. ಒಂದೇ ಮನೆತನದ ಹೆಸರನ್ನು ಪಾದ್ರಿಗಳು ಮೂರು ಬಗೆಯಾಗಿ ಬರೆದಿದ್ದರು. ಆದರೂ ಒಂದು ಪುಟದಲ್ಲಿ ರೇಮಂಡನ ಅಪ್ಪ ಸಿಕ್ಕಿಯೇ ಸಿಕ್ಕಿದ. ಹುಟ್ಟಿದ ದಿನ, ಅವನಿಗಿಟ್ಟ ಮೂರು ಮೂರು ಹೆಸರು ಎಲ್ಲವೂ ರೇಮಂಡ್ ಹೇಳಿದ್ದಕ್ಕೆ ತಾಳೆಯಾದವು. ಅವನ ತಾಯಿ ರೋಸಾಲಿ. ತಂದೆ, ಅಂದರೆ ರೇಮಂಡನ ನಿಜವಾದ ಅಜ್ಜ, ಕಾಡಿನಲ್ಲಿ ಮರ ಕಡಿಯುವವನು, ಸಮುದ್ರ ಕಂಡ ಸುಳಿವೇ ಇಲ್ಲ.

ಶುಕ್ರವಾರ ಸಂಜೆ ಪೇಡೆಯ ಡಬ್ಬಿಯನ್ನು ಗುರಾಣಿಯಂತೆ ಹಿಡಿದು ಹೋದೆ. "ರೇಮಂಡ್, ಆ ಕಪ್ತಾನ ನಿನ್ನವನಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂದುಬಿಟ್ಟೆ" ಎಂದು ಚರ್ಚಿನ ದಾಖಲೆಯ ಪ್ರತಿ ಕೊಟ್ಟೆ. ಓದಿದ. ಟೋಪಿ ತೆಗೆದ. ತಂದೆಯಿಂದ ಬಂದ ಬೈಗುಳ ಈಗ ಹೊರಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಅಂದರೆ, ನಾಳೆ ದೋಣಿ ಹತ್ತಬೇಕಾಗಿಲ್ಲ?"

"ಇಲ್ಲ."

"ದೇವರು ದೊಡ್ಡವನು! ನೀರಿನ ಮೇಲೆ ಐದು ನಿಮಿಷ ಇದ್ದರೆ ನನಗೆ ವಾಂತಿ. ಕಪ್ತಾನನ ಮೊಮ್ಮಗನಾಗಿ ಅದನ್ನು ಯಾರ ಮುಂದೆ ಹೇಳಲಿ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವನು ಒಂದು ಹೆಸರಿನ ಮೇಲೆ ಬೆರಳಿಟ್ಟ. "ರೋಸಾಲಿ... ಅಪ್ಪ ನಿದ್ದೆಯಲ್ಲಿ ಈ ಹೆಸರು ಕರೆಯುತ್ತಿದ್ದನಂತೆ. ಯಾವಳೋ ಹೆಂಗಸೆಂದು ಅಮ್ಮ ಸಾಯುವತನಕ ಅವಳಿಗೆ ಶಾಪ ಹಾಕಿದಳು. ನೋಡಿದರೆ ಅವಳು ಅಮ್ಮನ ಅತ್ತೆಯೇ!" ಕಣ್ಣೊರೆಸಿಕೊಂಡು ಪೇಡೆ ಬಾಯಿಗೆ ಹಾಕಿದ.

ಹೊರಡುವಾಗ ಕೇಳಿದ: "ನಿನ್ನ ಅಡ್ಡಹೆಸರಿನ ಅರ್ಥವೇನು?"

"ಮೆಣಸಿನಕಾಯಿ."

"ಹೌದಾ! ನಿನ್ನ ಹಿರಿಯರು ಬೆಳೆಯುತ್ತಿದ್ದರೇ?"

ನಮ್ಮ ಮುತ್ತಜ್ಜನ ಹೆಸರು ಸಹ ನನಗೆ ನೆನಪಿಲ್ಲ. ಆದರೂ, ಬ್ಯಾಡಗಿಯಲ್ಲಿ ಕಣ್ಣು ಹಾಯುವಷ್ಟು ದೂರ ಹೊಲವೆಲ್ಲ ನಮ್ಮದೇ ಇತ್ತು ಎಂದೆ. ಸದ್ಯ, ಇದನ್ನು ಓದಲು ರೇಮಂಡನಿಗೆ ಕನ್ನಡ ಬರುವುದಿಲ್ಲ.