ಮೂರನೇ ನಂಬರಿನ ಮೆಶೀನು

ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದ ಕ್ಲೆಟಸ್ ಮಾಸ್ಟ್ರ ಕೈಗೆ ಗ್ರೇಸಿಬಾಯಿ ಒಂದು ಚೀಟಿ ತುರುಕಿದಳು. ಮಂಗಳವಾರದ ರಾದ್ಧಾಂತಕ್ಕೆಲ್ಲ ಆ ಚೀಟಿಯೇ ಕಾರಣ.

"ನಮ್ಮ ಅಕ್ಕ ಪೆಟ್ರೋನಿಲ್ಲಾ ಬಹ್ರೈನಿಂದ ಫೋನ್ ಮಾಡಿದ್ಳು. ಟೈಪ್ ಕಲಿಸಿದ ಸರ್‌ಗೆ ಇ-ಮೇಲ್ ಉಂಟಾ ಅಂತ ಕೇಳಿದ್ಳು. ಇದು ಅವಳದ್ದು," ಎಂದಳು ಗ್ರೇಸಿಬಾಯಿ.

ಮಾಸ್ಟ್ರು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿದರು. ಮನೆಗೆ ಮುಟ್ಟುವಷ್ಟರಲ್ಲಿ ಆರು ಸಲ ಮುಟ್ಟಿ ನೋಡಿಕೊಂಡರು.

ಉಪ್ಪಳ ಪೇಟೆಯಲ್ಲಿ ಮಾಸ್ಟ್ರ 'ವಿಕ್ಟರಿ ಟೈಪ್‌ರೈಟಿಂಗ್' ಇನ್‌ಸ್ಟಿಟ್ಯೂಟ್ ಶುರುವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಪೆಟ್ರೋನಿಲ್ಲಾ ಅಲ್ಲಿ ಕಲಿತದ್ದು ಎಪ್ಪತ್ತೊಂಬತ್ತರಲ್ಲಿ. ಟೈಪಿಂಗಿನ ಹೈಯರ್ ಪರೀಕ್ಷೆಯ ಫಲಿತಾಂಶ ಬಂದ ದಿನ ಅವಳಿಗೆ ಒಂದು ಮಾತು ಹೇಳಬೇಕೆಂದು ಮಾಸ್ಟ್ರು ನಿರ್ಧರಿಸಿದ್ದರು. ಫಲಿತಾಂಶಕ್ಕಿಂತ ವೀಸಾ ಮೊದಲು ಬಂತು. ಅವಳು ಬಹ್ರೈನಿನಲ್ಲಿ ದುಡಿದು ಮೂವರು ತಂಗಿಯರ ಮದುವೆ ಮಾಡಿಸಿದಳು, ತನ್ನದು ಮಾಡಿಕೊಳ್ಳಲಿಲ್ಲ. ಇತ್ತ ಮಾಸ್ಟ್ರೂ ಮಾಡಿಕೊಳ್ಳಲಿಲ್ಲ. "ಸಮಯ ಸಿಗಲಿಲ್ಲ" ಎನ್ನುತ್ತಿದ್ದರು. ದಿನಕ್ಕೆ ನಾಲ್ಕು ವಿದ್ಯಾರ್ಥಿಗಳೂ ಪಂಚಾಯತ್ ಆಫೀಸಿಗೆ ಹೋಗುವ ಎರಡು ಅರ್ಜಿಗಳೂ ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ.

ಚೀಟಿ ಸಿಕ್ಕಿತು ಸರಿ. ಆದರೆ ಇ-ಮೇಲ್ ಕಳಿಸಬೇಕಾದರೆ ಕಂಪ್ಯೂಟರಿನ ಮುಂದೆ ಕೂರಬೇಕಲ್ಲ! ಕಂಪ್ಯೂಟರಿಗೆ ಉಪ್ಪಳದಲ್ಲಿ ಒಬ್ಬನೇ ಒಬ್ಬ ಶತ್ರು ಇದ್ದರೆ ಅದು ಕ್ಲೆಟಸ್ ಮಾಸ್ಟ್ರು. ಮೊಯಿನುದ್ದೀನನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಪೇಪರು ಬಿಡಿಸಿ ಅವರು ಕಂಪ್ಯೂಟರಿನ ಜಾತಕ ಓದುತ್ತಿದ್ದರು.

"ನೋಡಿ, ಇನ್ನು ಎರಡೇ ತಿಂಗಳು. ಜನವರಿ ಒಂದಕ್ಕೆ ಅದಕ್ಕೆ ಇಸವಿ ಗೊತ್ತಾಗ್ಲಿಕ್ಕಿಲ್ಲ. ಎರಡು ಸಾವಿರ ಅನ್ನುವ ಬದಲು ಸಾವಿರದ ಒಂಬೈನೂರು ಅಂತದೆ. ಆವಾಗ ಮೊಯಿನುದ್ದೀನ್, ನೀವು ಹುಟ್ಟಿಯೇ ಇಲ್ಲ!"

"ಹುಟ್ಟದಿದ್ರೆ ಚಾ ಮಾಡುವವರು ಯಾರು ಮಾಸ್ಟ್ರೆ?" ಎನ್ನುತ್ತಿದ್ದ ಮೊಯಿನುದ್ದೀನ್.

"ಅದಕ್ಕೇ ಹೇಳುವುದು. ನನ್ನ ಮೆಶೀನಿಗೆ ಇಸವಿ ಕೇಳಿ ಎಂತ ಆಗ್ಬೇಕು? ನೀವು ಹೊಡೆದದ್ದು ಹೊಡೀತದೆ."

ಇಷ್ಟೆಲ್ಲ ಹೇಳಿದ ಬಾಯಿ ಇಟ್ಟುಕೊಂಡು ಮಂಗಳವಾರ ಬೆಳಿಗ್ಗೆ ಮಾಸ್ಟ್ರು ಅದೇ ಹೋಟೆಲಿನ ಪಕ್ಕದ ಮೆಟ್ಟಿಲು ಹತ್ತಬೇಕಾಗಿತ್ತು. ಮೇಲಿನ ಮಹಡಿಯಲ್ಲಿ ಪುಷ್ಪಾವತಿಯ ಕಂಪ್ಯೂಟರ್ ಸೆಂಟರ್. ಪುಷ್ಪಾವತಿ ಅವರದೇ ಶಿಷ್ಯೆ. ಅವಳು ಕಂಪ್ಯೂಟರ್ ತಂದ ದಿನ "ದ್ರೋಹ" ಎಂದು ಹೇಳಿ ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಮೊಯಿನುದ್ದೀನ್ ಅಡಿಗೆಮನೆಗೆ ಹೋದ ಹೊತ್ತು ನೋಡಿ, ಬೆಕ್ಕು ಒಲೆಯ ಬಳಿ ಸರಿಯುವಂತೆ ಮಾಸ್ಟ್ರು ಮೆಟ್ಟಿಲು ಹತ್ತಿದರು.

"ಸರ್, ನೀವಾ!" ಪುಷ್ಪಾವತಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಸುಮ್ಮನೆ ನೋಡ್ಲಿಕ್ಕೆ ಬಂದೆ," ಎಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು.

ಚೀಟಿಯನ್ನೂ ಮಾಸ್ಟ್ರ ಮುಖವನ್ನೂ ಒಮ್ಮೆ ನೋಡಿದ ಪುಷ್ಪಾವತಿ ಮತ್ತೇನೂ ಕೇಳಲಿಲ್ಲ. ಫೋನಿನ ವಯರು ಜೋಡಿಸಿದಳು. ಪೆಟ್ಟಿಗೆಯೊಳಗಿಂದ ಕೋಳಿ ಹಿಡಿದಂತೆ ಕಿರುಚಾಟ ಕೇಳಿತು, ಮತ್ತೆ ಶಾಂತವಾಯಿತು. "ಈಗ ನೀವೇ ಟೈಪ್ ಮಾಡಿ ಸರ್. ಅಕ್ಷರ ಎಲ್ಲ ನಮ್ಮ ಮೆಶೀನಿನ ಹಾಗೆಯೇ ಉಂಟು."

ಹೌದು, ಹಾಗೆಯೇ ಇತ್ತು. ಮಾಸ್ಟ್ರ ಬೆರಳುಗಳು ತಾವಾಗಿಯೇ ಜಾಗ ಹಿಡಿದವು. ವಿಳಾಸ ಹೊಡೆದರು, ಮೊದಲ ಸಾಲು ಹೊಡೆದರು. ಸಾಲು ಮುಗಿದದ್ದೇ ತಡ, ಎಡಗೈ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಎದ್ದು, ಟೈಪ್‌ರೈಟರಿನಲ್ಲಿ ಸಾಲು ಬದಲಿಸುವ, ಇಲ್ಲಿ ಇಲ್ಲದ ಹಿಡಿಯನ್ನು ರಪ್ಪನೆ ಬಲಕ್ಕೆ ತಳ್ಳಿತು. ಮಾನಿಟರಿನ ಮೇಲಿದ್ದ ಪ್ಲಾಸ್ಟಿಕ್ ಹೂದಾನಿ ಹಾರಿ ಬಾಗಿಲ ಬಳಿ ಬಿತ್ತು.

ಬಿದ್ದದ್ದು ನಬೀಸುಮ್ಮನ ಕಾಲ ಬುಡಕ್ಕೆ.

ನಬೀಸುಮ್ಮ ದುಬಾಯಿಯಲ್ಲಿರುವ ಗಂಡನಿಗೆ ಫೋನ್ ಮಾಡಲು ಬಂದವಳು. ಉಪ್ಪಳದ ಆ ಮೂಲೆಗೆ ಇದ್ದದ್ದು ಮೊಯಿನುದ್ದೀನನ ಹೋಟೆಲಿನ ಒಂದು ಎಸ್‌ಟಿಡಿ ಫೋನು. ಪುಷ್ಪಾವತಿಯ ಕಂಪ್ಯೂಟರಿಗೂ ಅದೇ ಲೈನು. ಮೇಲೆ ಇ-ಮೇಲ್ ಹೊರಟರೆ ಕೆಳಗೆ ಫೋನು ಸಾಯುತ್ತಿತ್ತು.

"ಫೋನ್ ಹಿಡಿದರೆ ಬರೀ ಕೀ ಕೀ. ನನ್ನ ಗಂಡನ ಧ್ವನಿ ಹಾಗೆ ಇಲ್ಲವಲ್ಲ ಅಂತ ನೋಡ್ಲಿಕ್ಕೆ ಬಂದೆ," ಎಂದಳು ನಬೀಸುಮ್ಮ. ಗೋಡೆಯ ಮೇಲೆ 'ವೈರಸ್ ಬಗ್ಗೆ ಎಚ್ಚರಿಕೆ' ಎಂದು ಬರೆದದ್ದು ಕಂಡು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅವಳ ಬೆನ್ನಿಗೇ ಮೊಯಿನುದ್ದೀನ್ ಬಂದ.

"ಮಾಸ್ಟ್ರೆ! ಇಲ್ಲಿ ಎಂತ ಮಾರಾಯ್ರೆ?"

"ಪರೀಕ್ಷೆ ಮಾಡ್ತಿದ್ದೇನೆ. ಇದರಲ್ಲಿ ಎಷ್ಟು ಲೊಟ್ಟೆ, ಎಷ್ಟು ಸತ್ಯ ಉಂಟು ಅಂತ."

ಮೊಯಿನುದ್ದೀನ್ ಬಗ್ಗಿ ಪರದೆ ನೋಡಿದ. ಗಲ್ಫಿಗೆ ಕಾಗದ ಕಳಿಸುವವರ ವಿಳಾಸ ಬರೆದುಕೊಟ್ಟು ಅವನಿಗೆ ಇಂಗ್ಲಿಷ್ ಹೆಸರು ಓದುವಷ್ಟು ಬರುತ್ತಿತ್ತು. "ಪೆ-ಟ್ರೋ-ನಿಲ್ಲಾ! ನಮ್ಮ ಬೇಕರಿ ಹಿಂದಿನ ಪೆಟ್ರೋನಿಲ್ಲಾ ಬಾಯಿ?"

ಮಾಸ್ಟ್ರ ಕಿವಿ ಕೆಂಪಾಯಿತು. ನಬೀಸುಮ್ಮ ಸೆರಗನ್ನು ಮೂಗಿನಿಂದ ತೆಗೆದಳು. ಫೋನಿನ ವಿಚಾರ ಅವಳಿಗೆ ಮರೆತೇ ಹೋಯಿತು. ಸ್ಟೂಲು ಎಳೆದು ಕೂತಳು.

"ಎಂತ ಬರೆದಿದ್ದೀರಿ? ಓದಿ ನೋಡುವಾ."

ಪುಷ್ಪಾವತಿ ಕನ್ನಡದಲ್ಲಿ ಹೇಳಿದಳು: "ಮಾನ್ಯರೇ, ತಮ್ಮ ವಿಳಾಸ ತಲುಪಿತು. ನಾನು ಕ್ಷೇಮ. ತಾವೂ ಕ್ಷೇಮವೆಂದು ನಂಬುತ್ತೇನೆ."

"ಇದು ಕಾಗದವಾ, ವಿಲೇಜ್ ಆಫೀಸಿನ ನೋಟೀಸಾ?" ಎಂದಳು ನಬೀಸುಮ್ಮ. "ನಾನು ಇಪ್ಪತ್ತೆಂಟು ವರ್ಷದಿಂದ ಗಲ್ಫಿಗೆ ಕಾಗದ ಬರೆಸಿದವಳು ಮಾಸ್ಟ್ರೆ. ಅಲ್ಲಿ ಇದ್ದವರಿಗೆ ಕ್ಷೇಮ ಬೇಡ. ಇಲ್ಲಿ ಅವರ ಜಾಗ ಇನ್ನೂ ಉಂಟಾ ಇಲ್ವಾ, ಅದು ಗೊತ್ತಾಗ್ಬೇಕು. ನಾನು ಅವರ ಚಾಪೆ ಇವತ್ತಿಗೂ ಮಡಿಸಿ ಇಟ್ಟಿಲ್ಲ ಅಂತ ಬರೆಸ್ತೇನೆ. ಅದನ್ನು ಓದಿ ಅವರು ಮೂರು ದಿನ ಊಟ ಬಿಡ್ತಾರಂತೆ."

ಮಾಸ್ಟ್ರು ಬಹಳ ಹೊತ್ತು ಕೀಲಿಗಳನ್ನೇ ನೋಡಿದರು. ಕೀಲಿ ನೋಡದೆ ಟೈಪ್ ಮಾಡಬೇಕೆಂದು ಸಾವಿರ ಜನಕ್ಕೆ ಕಲಿಸಿದವರು, ಅಂದು ಒಂದೊಂದನ್ನೇ ನೋಡಿ ಒತ್ತಿದರು. ಪುಷ್ಪಾವತಿ ಪರದೆಯ ಮೇಲೆ ಓದುತ್ತ ಹೋದಳು. ಅರ್ಥ ಇಷ್ಟು: 'ತಮ್ಮ ಗಮನಕ್ಕೆ ತರುವುದೇನೆಂದರೆ, ತಾವು ಕಲಿಯುತ್ತಿದ್ದ ಮೂರನೇ ನಂಬರಿನ ಯಂತ್ರವನ್ನು ತಾವು ಹೋದ ದಿನದಿಂದ ಈವರೆಗೆ ಯಾರಿಗೂ ಕೊಟ್ಟಿರುವುದಿಲ್ಲ. ಅದು ಖಾಲಿ ಇರುತ್ತದೆ.'

"ಸರ್," ಪುಷ್ಪಾವತಿಯ ದನಿ ಸಣ್ಣದಾಯಿತು, "ನಮಗೆಲ್ಲ ಆ ಮೆಶೀನು ರಿಪೇರಿಗೆ ಉಂಟು ಅಂತ ಹೇಳಿದ್ರಲ್ಲ?"

"ಕಳಿಸು," ಎಂದರು ಮಾಸ್ಟ್ರು.

ಹೋಯಿತು. ಐದು ನಿಮಿಷವಾಗಿರಲಿಲ್ಲ, ಪೆಟ್ಟಿಗೆ ಟಿಣ್ ಎಂದಿತು.

"ಉತ್ತರ ಬಂತು!" ಮೊಯಿನುದ್ದೀನ್ ಕೂಗಿದ ಕೂಗಿಗೆ ಕೆಳಗೆ ಚಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದೇ ಮೇಲೆ ಬಂದರು. ಮಾಸ್ಟ್ರು ಕನ್ನಡಕ ಒರೆಸಿ ಓದಿದರು. ಕಳಿಸಿದವರ ಹೆಸರು: ಮೇಲರ್ ಡೀಮನ್.

"ಅದು ಯಾರು?" ಎಂದಳು ನಬೀಸುಮ್ಮ.

"ಡೀಮನ್ ಅಂದ್ರೆ ಪಿಶಾಚಿ," ಎಂದು ಮಾಸ್ಟ್ರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಪಿಶಾಚಿ ಯಾಕೆ ಕಾಗದ ಬರೀತದೆ? ಇದು ಗಂಡನ ಹೆಸರು," ಮೊಯಿನುದ್ದೀನ್ ತೀರ್ಪು ಕೊಟ್ಟ. "ಬಿಳಿಯವರಲ್ಲಿ ಎಂತೆಂತ ಹೆಸರು ಉಂಟು! ಪೆಟ್ರೋನಿಲ್ಲಾ ಬಾಯಿ ಗುಟ್ಟಿನಲ್ಲಿ ಮದುವೆ ಆಗಿದ್ದಾಳೆ. ಗಂಡನ ಕೈಗೆ ನಿಮ್ಮ ಕಾಗದ ಸಿಕ್ಕಿದೆ."

ಗ್ಲಾಸು ಹಿಡಿದವರೆಲ್ಲ ಅಯ್ಯೋ ಎಂದರು. ಒಬ್ಬ ತನ್ನ ಅರ್ಧ ಚಾವನ್ನೇ ಮಾಸ್ಟ್ರ ಕಡೆ ಚಾಚಿದ. ಮಾಸ್ಟ್ರು ಅದನ್ನು ಕುಡಿದೇಬಿಟ್ಟರು.

"ಸ್ವಲ್ಪ ಸುಮ್ಮನಿರಿ ಮಾರಾಯ್ರೆ!" ಪುಷ್ಪಾವತಿ ಎಲ್ಲರನ್ನೂ ಸರಿಸಿದಳು. "ಅದು ಮನುಷ್ಯ ಅಲ್ಲ. ವಿಳಾಸ ತಪ್ಪಿದ್ರೆ ಕಂಪ್ಯೂಟರೇ ಕಾಗದ ವಾಪಸ್ ಕಳಿಸುವುದು. ಎಂತ ತಪ್ಪು ನೋಡುವಾ... ಸರ್! ಚೀಟಿಯಲ್ಲಿ ಹೆಸರಿನ ಮುಂದೆ ಒಂದು ಅಂತ ಅಂಕೆ ಉಂಟು. ನೀವು ಸಣ್ಣ ಎಲ್ ಅಕ್ಷರ ಹೊಡೆದಿದ್ದೀರಿ!"

ಮಾಸ್ಟ್ರ ಹಳೆಯ ಮೆಶೀನುಗಳಲ್ಲಿ 'ಒಂದು' ಅಂಕೆಯ ಕೀಲಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಎಂದಾಗಲೆಲ್ಲ ಸಣ್ಣ ಎಲ್ ಹೊಡೆದು ಬೆರಳಿಗೆ ಅದೇ ಧರ್ಮವಾಗಿತ್ತು. ಪುಷ್ಪಾವತಿ ತಿದ್ದಿದಳು. ಕಾಗದ ಮತ್ತೆ ಹೋಯಿತು. ಈ ಸಲ ಪಿಶಾಚಿ ಬರಲಿಲ್ಲ.

ಮಧ್ಯಾಹ್ನ ಮಾಸ್ಟ್ರು ಊಟಕ್ಕೆ ಹೋಗಲಿಲ್ಲ. ನಬೀಸುಮ್ಮ ದುಬಾಯಿಗೆ ಫೋನ್ ಮಾಡಿ ಮುಗಿಸಿ, ಮನೆಗೆ ಹೋಗದೆ ಮತ್ತೆ ಮೇಲೆ ಬಂದು ಕೂತಳು. ಬಹ್ರೈನಿನಲ್ಲಿ ಈಗ ಎಷ್ಟು ಗಂಟೆ ಎಂದು ಮೊಯಿನುದ್ದೀನ್ ಗಳಿಗೆಗೊಮ್ಮೆ ಲೆಕ್ಕ ಹಾಕಿ ಹೇಳಿದ. ಪೆಟ್ರೋನಿಲ್ಲಾ ರಾಜೀನಾಮೆ ಕೊಟ್ಟು ಬರುವಳೋ, ಮಾಸ್ಟ್ರೇ ಅಲ್ಲಿಗೆ ಹೋಗುವರೋ ಎಂಬ ಚರ್ಚೆಯೂ ಮುಗಿಯಿತು. ಮಾಸ್ಟ್ರು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಎರಡು ಸಲ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು, ಪರದೆಗೆ ತಾವು ಕಾಣಿಸುತ್ತೇವೆ ಎಂಬಂತೆ.

ಮೂರೂವರೆಗೆ ಟಿಣ್ ಎಂದಿತು. ಈ ಸಲ ನಿಜವಾಗಿ ಪೆಟ್ರೋನಿಲ್ಲಾ.

ಮಾಸ್ಟ್ರು ತಾವೇ ಓದಿದರು. ಎರಡನೇ ಸಲ ಓದಿದರು. ಪುಷ್ಪಾವತಿಯೂ ಓದಿ, ಮುಖ ಆಚೆ ತಿರುಗಿಸಿದಳು.

"ಎಂತ ಬರೆದಿದ್ದಾಳೆ?" ನಬೀಸುಮ್ಮನಿಗೆ ತಡೆಯಲಾಗಲಿಲ್ಲ.

"ಬಹ್ರೈನಿಗೆ ಕರೆಸಿಕೊಳ್ತಾಳಂತೆ."

"ಯಾ ಅಲ್ಲಾ! ನಾನು ಹೇಳಿದೆ ಅಲ್ವಾ!" ನಬೀಸುಮ್ಮ ಎದ್ದು ನಿಂತಳು. ಮೊಯಿನುದ್ದೀನ್ ಎಲ್ಲರಿಗೂ ಚಾ ತರಲು ಓಡಿದ. "ಯಾವಾಗ ಹೊರಡುವುದು ಮಾಸ್ಟ್ರೆ?"

"ನಾನಲ್ಲ," ಎಂದರು ಕ್ಲೆಟಸ್ ಮಾಸ್ಟ್ರು. "ಮೆಶೀನು."

ಪೆಟ್ರೋನಿಲ್ಲಾ ಸಂತೋಷವಾಗಿಯೇ ಬರೆದಿದ್ದಳು. ಸರ್ ಕಂಪ್ಯೂಟರಿಗೆ ಬಂದದ್ದು ಕೇಳಿ ಆಶ್ಚರ್ಯವಾಯಿತು. ಮೂರನೇ ಯಂತ್ರ ಖಾಲಿ ಬಿದ್ದಿದೆ ಎಂದು ತಿಳಿಸಿದ್ದು ಬಹಳ ಉಪಕಾರವಾಯಿತು. ತನ್ನ ಆಫೀಸಿನ ಹಾಲ್‌ನಲ್ಲಿ ಹಳೆಯ ಸಾಮಾನುಗಳನ್ನು ಚೆಂದಕ್ಕೆ ಇಡುತ್ತಿದ್ದಾರೆ, ಇಂಥ ಒಂದು ಟೈಪ್‌ರೈಟರಿಗಾಗಿ ಮೆನೇಜರರು ತಿಂಗಳಿಂದ ಹುಡುಕುತ್ತಿದ್ದಾರೆ. ನಾಳೆ ಗ್ರೇಸಿ ಆಟೋ ತೆಗೆದುಕೊಂಡು ಬರುತ್ತಾಳೆ. ಕೆಟ್ಟಿದ್ದರೂ ಅಡ್ಡಿಯಿಲ್ಲ, ಅದರಲ್ಲಿ ಯಾರೂ ಟೈಪ್ ಮಾಡುವುದಿಲ್ಲ.

"ಸರ್," ಪುಷ್ಪಾವತಿ ಮೆಲ್ಲನೆ ಹೇಳಿದಳು, "ಅವರಿಗೆ ಅರ್ಥ ಆಗ್ಲಿಲ್ಲ. ಬಿಡಿಸಿ ಬರೆಯಿರಿ. ಬೇಕಾದ್ರೆ ನಾನು ಬರೀತೇನೆ."

"ಬೇಡ. ನಾನೇ ಬರೀತೇನೆ."

ಜನ ಇನ್ನಷ್ಟು ಹತ್ತಿರ ಒತ್ತಿದರು. ಮಾಸ್ಟ್ರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಬೆನ್ನು ನೆಟ್ಟಗೆ ಮಾಡಿ, ಹತ್ತು ಬೆರಳನ್ನೂ ಜಾಗದಲ್ಲಿಟ್ಟು, ಕೀಲಿಗಳ ಕಡೆ ನೋಡದೆ ಹೊಡೆದರು: 'ತಮ್ಮ ಪತ್ರ ತಲುಪಿತು. ಯಂತ್ರವನ್ನು ಎಣ್ಣೆ ಹಾಕಿ ಸಿದ್ಧವಾಗಿ ಇಡಲಾಗುವುದು.'

ನಬೀಸುಮ್ಮನಿಗೆ ಪುಷ್ಪಾವತಿ ಅರ್ಥ ಹೇಳಿದಳು. "ಅಷ್ಟೇಯಾ?" ಎಂದಳು ನಬೀಸುಮ್ಮ. "ಇನ್ನೊಂದು ಸಾಲಾದರೂ ಹಾಕಿ ಮಾಸ್ಟ್ರೆ. ಮನಸ್ಸಿನಲ್ಲಿ ಇದ್ದದ್ದು ಹಾಕಿ."

ಮಾಸ್ಟ್ರು ಯೋಚಿಸಿದರು. ಕೆಳಗೆ ರಸ್ತೆಯಲ್ಲಿ ಕಾಸರಗೋಡಿನ ಬಸ್ಸು ಬಂದು ನಿಂತಿತು, ಹೋಯಿತು. ಆಮೇಲೆ ಇನ್ನೊಂದು ಸಾಲು ಹೊಡೆದರು.

'ಅದು ಕೆಟ್ಟಿರುವುದಿಲ್ಲ. ಪ್ರತಿ ವರ್ಷ ತಪ್ಪದೆ ಹೊಸ ರಿಬ್ಬನ್ ಹಾಕಲಾಗಿದೆ.'

"ಕಳಿಸು," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಎಣ್ಣೆಯ ಕುಪ್ಪಿ ಹುಡುಕಲು ಇನ್‌ಸ್ಟಿಟ್ಯೂಟಿಗೆ ಹೊರಟರು.