ವಿಷಯ ಮೊದಲು, ಕಾಫಿ ಆಮೇಲೆ

ಕಾಲೇಜಿನಲ್ಲಿ ಕಲಿತದ್ದನ್ನು ಮನೆಯಲ್ಲಿ ಪ್ರಯೋಗಿಸಲು ಹೋಗಬಾರದು. ರಸಾಯನಶಾಸ್ತ್ರ ಓದಿದವರಿಗೆ ಈ ಬುದ್ಧಿ ತಾನಾಗಿಯೇ ಬಂದಿರುತ್ತದೆ. ಆಸಿಡ್ ಬಾಟಲಿಯನ್ನು ಯಾರೂ ಮನೆಗೆ ತರುವುದಿಲ್ಲ. ನಾನು ಬಿ.ಎ.ಯಲ್ಲಿ ಓದಿದ್ದು ಪತ್ರಿಕೋದ್ಯಮ ಮತ್ತು ಸಂವಹನ. ಅದರಲ್ಲಿ ಸುಡುವಂಥದ್ದೇನೂ ಇಲ್ಲವೆಂದು ನಂಬಿ ಧಾರಾಳವಾಗಿ ಮನೆಗೆ ತಂದೆ. ಪರಿಣಾಮವಾಗಿ ನನ್ನ ಅಕ್ಕನ ಮದುವೆ ಮುರಿದು ಬೀಳುವುದೊಂದು ಬಾಕಿ ಇತ್ತು.

ಊರಿನಲ್ಲಿ ಮೊಬೈಲ್ ಇನ್ನೂ ನಾಲ್ಕಾರು ಜನರ ಜೇಬಿನಲ್ಲಿ ಮಾತ್ರ ಇದ್ದ ಕಾಲ ಅದು. ನಮ್ಮ ತಾಲೂಕಿನ ಕಾಲೇಜಿಗೆ ಈ ವಿಷಯ ಹೊಸತು. ತರಗತಿಯಲ್ಲಿ ನಾವು ಒಂಬತ್ತು ಜನ, ಪಾಠಕ್ಕೆ ಬಯಲುಸೀಮೆಯಿಂದ ಬಂದ ತಿಪ್ಪೇಸ್ವಾಮಿ ಸರ್ ಒಬ್ಬರೇ. ಅವರಿಗೆ ಕೈ ಬೀಸಿ ಬೀಸಿ ಹೇಳುವ ಅಭ್ಯಾಸ. ‘ಸುದ್ದಿ ಅಂದ್ರೆ ತಲೆಕೆಳಗಾದ ಪಿರಮಿಡ್ ಕಣ್ರೋ! ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬರಬೇಕು. ಆಮೇಲೆ ಅದಕ್ಕಿಂತ ಕಮ್ಮಿ ಮುಖ್ಯವಾದದ್ದು. ಹಿನ್ನೆಲೆ ಗಿನ್ನೆಲೆ ಎಲ್ಲ ಕೊನೆಗೆ. ಜಾಗ ಸಾಲದಿದ್ರೆ ಉಪಸಂಪಾದಕ ಕೆಳಗಿಂದ ಕತ್ತರಿಸ್ತಾನೆ. ಸುದ್ದಿಗೆ ಏನೂ ನಷ್ಟ ಇಲ್ಲ!’ ಎನ್ನುತ್ತಿದ್ದರು.

ನಮ್ಮ ಕಡೆಯವರಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ನಮ್ಮಲ್ಲಿ ಯಾರಾದರೂ ಮನೆಗೆ ಬಂದರೆ ಬಂದ ಕಾರಣವನ್ನು ಹೇಳುವುದು ಎದ್ದು ಚಪ್ಪಲಿ ಮೆಟ್ಟಿದ ಮೇಲೆ. ಅದಕ್ಕೂ ಮೊದಲು ಹೇಳಿದರೆ ದುಡುಕು ಸ್ವಭಾವದವರು ಎಂಬ ಹೆಸರು ಬರುತ್ತದೆ. ಅಪ್ಪ ಕೊಪ್ಪದ ಪೇಟೆಯಲ್ಲಿ ಟೈಲರ್. ಒಮ್ಮೆ ಹಿರೇಕೊಡಿಗೆಯ ಪರಿಚಯದವರೊಬ್ಬರು ಮಧ್ಯಾಹ್ನ ಮನೆಗೆ ಬಂದು, ಕಾಫಿ ಕುಡಿದು, ಮಗಳ ಬಾಣಂತನದಿಂದ ಹಿಡಿದು ಮೊಣಕಾಲು ನೋವಿನವರೆಗೆ ಮುಕ್ಕಾಲು ಗಂಟೆ ಮಾತಾಡಿ, ಗೇಟಿನ ಹತ್ತಿರ ನಿಂತು, ‘ಅಂದಹಾಗೆ ನಿಮ್ಮ ಅಂಗಡಿ ಬಾಗಿಲು ಸರಿ ಹಾಕಿಲ್ಲ ಮಾರಾಯ್ರೆ, ಒಳಗೆ ದನ ಹೊಕ್ಕಿದೆ’ ಎಂದರು. ಅಪ್ಪ ಓಡಿಹೋಗಿ ನೋಡಿದಾಗ ದನ ಯಾರೋ ಪಂಚಾಯ್ತಿ ಮೆಂಬರರ ಅಂಗಿಯ ಒಂದು ತೋಳನ್ನು ಮುಗಿಸಿತ್ತು. ಆದರೂ ಅಪ್ಪ ಅವರ ಮೇಲೆ ಸಿಟ್ಟಾಗಲಿಲ್ಲ. ಬಂದ ಕೂಡಲೇ ಹೇಳಲಿಕ್ಕೆ ಹೇಗಾಗ್ತದೆ, ಪಾಪ, ಎಂದ.

ಇಂಥ ನೀರು ಕುಡಿದು ಬೆಳೆದ ನಾನು ಬರೆದ ಮೊದಲ ವರದಿ ನೆಮ್ಮಾರಿನ ಕಡೆ ಹಳ್ಳ ದಾಟುವ ಕಾಲುಸಂಕವೊಂದು ಮುರಿದದ್ದರ ಬಗ್ಗೆ. ಬೆಳಗ್ಗೆ ತಿಂದ ಕಡುಬಿನಿಂದ ಶುರುಮಾಡಿ, ಬಸ್ಸಿನಲ್ಲಿ ಸಿಕ್ಕ ಸೀಟು, ಕಂಡಕ್ಟರನ ಒಳ್ಳೆಯತನ ಎಲ್ಲವನ್ನೂ ದಾಖಲಿಸಿ ಮೂರನೇ ಪುಟದಲ್ಲಿ ಸಂಕಕ್ಕೆ ಬಂದಿದ್ದೆ. ಸರ್ ಕೆಂಪು ಶಾಯಿಯಲ್ಲಿ, ‘ಸಂಕ ಮುರಿದಿದೆ ಎಂದು ನೀನು ಹೇಳುವ ಹೊತ್ತಿಗೆ ಓದುಗ ನೀರಿನಲ್ಲಿದ್ದ’ ಎಂದು ಬರೆದರು. ಎಂಟು ಜನ ನಕ್ಕರು. ಆ ಅವಮಾನದಲ್ಲಿ ನಾನು ಬೇರೆಯೇ ಮನುಷ್ಯನಾದೆ. ಮನೆಯಲ್ಲೂ ಪಿರಮಿಡ್ ಪ್ರಕಾರವೇ ಮಾತಾಡತೊಡಗಿದೆ. ‘ಹಾಲು ಉಕ್ಕಿದೆ. ಅಡುಗೆಮನೆಯಲ್ಲಿ. ಈಗಷ್ಟೇ. ಅಮ್ಮ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದ ಕಾರಣ.’ ಇದೆಲ್ಲ ಹೇಳಿ ಮುಗಿಸುವ ಬದಲು ಒಲೆ ಆರಿಸಬಹುದಿತ್ತಲ್ಲ ಎಂದು ಅಮ್ಮ ಕೇಳಿದಳು. ವರದಿಗಾರ ಘಟನೆಯಲ್ಲಿ ಕೈ ಹಾಕಬಾರದು ಎಂದೆ.

ಹೀಗಿರುವಾಗ ಅಕ್ಕನಿಗೆ ನರಸಿಂಹರಾಜಪುರದಿಂದ ಸಂಬಂಧ ಬಂತು. ಹುಡುಗ ರವೀಂದ್ರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಅವನೂ ಅವನ ತಾಯಿ ಸಾವಿತ್ರಮ್ಮನೂ ಬಂದು ನೋಡಿ, ತಮಗೆ ಒಪ್ಪಿಗೆ, ನಿಮ್ಮ ಉತ್ತರ ತಿಳಿಸಿ ಎಂದು ಹೇಳಿ ಹೋಗಿದ್ದರು. ಅಕ್ಕ ಬಾಯಿಬಿಟ್ಟು ಏನೂ ಹೇಳಲಿಲ್ಲ; ಅವರು ಹೋದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಲಂಗದ ಅಂಚನ್ನು ಮೂರು ಸಲ ಹೊಲಿದಳು. ನಮಗೆಲ್ಲ ಅಷ್ಟು ಸಾಕಾಗಿತ್ತು. ತೊಡಕು ಒಂದೇ. ಅದೇ ವಾರ ಅವಳಿಗೆ ಶಿವಮೊಗ್ಗದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಅದನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅಪ್ಪನ ಕಾಲು ಉಳುಕಿತ್ತು. ನನ್ನನ್ನು ಕರೆದು, ‘ನೀನೇ ಹೋಗಿ ಬಾ. ಕೂತು ಕಾಫಿ ಕುಡಿ. ಅವರ ಅಂಗಡಿ, ದನ ಕರು ಎಲ್ಲ ವಿಚಾರಿಸು. ಏಳುವಾಗ ಹೇಳು: ನಮ್ಮ ಹುಡುಗಿಗೆ ಬಿ.ಎಡ್. ಮುಗಿಸೋ ಆಸೆ, ಒಂದು ವರ್ಷ ಕಾಯ್ತೀರಾ ಅಂತ. ಹುಡುಗ ಅವಳ ಮನಸ್ಸಿಗೆ ಬಂದಿದಾನೆ ಅನ್ನೋದನ್ನ ಮಾತ್ರ ಮರೀಬೇಡ’ ಎಂದ.

ನಾನು ಬಸ್ಸಿನಲ್ಲಿ ಇಷ್ಟನ್ನೂ ಪಿರಮಿಡ್‌ಗೆ ಕೂರಿಸಿದೆ. ಮುಖ್ಯವಾದದ್ದು ಒಂದು ವರ್ಷದ ವಿಷಯ. ನಂತರ ಕಾರಣ. ಅಕ್ಕನಿಗೆ ಹುಡುಗ ಇಷ್ಟ ಎಂಬುದು ಹಿನ್ನೆಲೆ ಮಾಹಿತಿ. ಇಷ್ಟವಿರುವುದರಿಂದ ತಾನೆ ಇಷ್ಟು ದೂರ ಹೇಳಿ ಕಳಿಸಿರುವುದು? ಅದನ್ನು ತಳಕ್ಕೆ ಹಾಕಿದೆ.

‘ಬಾ ಬಾ, ಕೂತ್ಕೊ, ಕಾಫಿ ಇಡ್ತೀನಿ’ ಎಂದು ಸಾವಿತ್ರಮ್ಮ ಒಳಗೆ ಹೊರಟರು. ನಾನು ನಿಂತಲ್ಲಿಂದಲೇ, ‘ಅಕ್ಕನ ಮದುವೆ ಇನ್ನೊಂದು ವರ್ಷ ಸಾಧ್ಯವಿಲ್ಲ’ ಎಂದೆ.

ಸಾವಿತ್ರಮ್ಮ ಅಡುಗೆಮನೆ ಹೊಸ್ತಿಲ ಮೇಲೆ ನಿಂತುಬಿಟ್ಟರು. ನಾನು ಎರಡನೇ ಪ್ಯಾರಾಕ್ಕೆ ಹೋದೆ. ಬಿ.ಎಡ್., ಶಿವಮೊಗ್ಗ, ಹಾಸ್ಟೆಲ್, ಕಾಲೇಜು ಶುರುವಾಗುವ ದಿನ. ಅವರು ಎಲ್ಲದಕ್ಕೂ ‘ಹ್ಞೂಂ’ ಎಂದರು. ಕಾಫಿ ಬರಲಿಲ್ಲ. ಕೊನೆಯ ಪ್ಯಾರಾ ಬಾಯಿಗೆ ಬರುವಷ್ಟರಲ್ಲಿ ರಸ್ತೆಯಲ್ಲಿ ಕೊಪ್ಪದ ಬಸ್ಸಿನ ಹಾರ್ನ್ ಕೇಳಿತು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು, ನಷ್ಟವಿಲ್ಲ. ಕತ್ತರಿಸಿ ಓಡಿದೆ. ಮನೆಗೆ ಬಂದು, ಹೇಳಬೇಕಾದ್ದನ್ನು ಹೇಳಿ ಬಂದೆ ಎಂದೆ. ಅಪ್ಪ, ಇಷ್ಟು ಬೇಗನಾ ಎಂದು ಆಶ್ಚರ್ಯಪಟ್ಟ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಎರಡು ವಾರ ಆ ಕಡೆಯಿಂದ ಮಾತಿಲ್ಲ. ಒಂದು ಸಂಜೆ ನರಸಿಂಹರಾಜಪುರದ ಗಿರಾಕಿಯೊಬ್ಬರು ಪ್ಯಾಂಟಿನ ಸೊಂಟ ಬಿಡಿಸಲು ಅಂಗಡಿಗೆ ಬಂದರು. ಎಲ್ಲ ಮಾತಾಗಿ ಮೆಟ್ಟಿಲು ಇಳಿದ ಮೇಲೆ, ‘ಹಾರ್ಡ್‌ವೇರ್ ರವೀಂದ್ರನಿಗೆ ಶೃಂಗೇರಿ ಕಡೆ ಹುಡುಗಿ ನೋಡ್ತಾ ಇದಾರಂತೆ. ನಿಮ್ಮವರು ಬೇಡ ಅಂದ್ರಂತಲ್ಲ?’ ಎಂದರು. ಒಳಗೆ ಅಪ್ಪನಿಗೆ ನೆರವಾಗಲು ಬಂದು ಕೂತಿದ್ದ ಅಕ್ಕನ ಯಂತ್ರದ ಸದ್ದು ನಿಂತಿತು. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ಅವತ್ತು ಹೇಳಿದ್ದನ್ನ ಹೇಳಿದ ಹಾಗೇ ಹೇಳು’ ಎಂದಳು. ಹೇಳಿದೆ.

‘ಅಪ್ಪ ಮರೀಬೇಡ ಅಂದಿದ್ದ ಮಾತು?’

‘ಬಸ್ ಬಂತು.’

ಅವಳು ಯಂತ್ರದ ಪಕ್ಕದಲ್ಲಿದ್ದ ರವಿಕೆಯೊಂದನ್ನು ಮಡಿಸಿದಳು. ‘ನನ್ನ ನೋಡಕ್ಕೆ ಬಂದಾಗ ಸಾವಿತ್ರಮ್ಮ ಹೊಲಿಯಕ್ಕೆ ಕೊಟ್ಟು ಹೋದ ರವಿಕೆ ಆಗಿದೆ. ನಾಳೆ ಕೊಟ್ಟು ಬರೋಣ. ಬಾಯಿ ಮಾತ್ರ ಮನೇಲೇ ಬಿಟ್ಟು ಬಾ’ ಎಂದಳು.

ಮರುದಿನ ಸಾವಿತ್ರಮ್ಮನ ಮುಖ ಗಂಟಾಗಿಯೇ ಇತ್ತು. ಆದರೂ ಬಂದವರನ್ನು ಹಾಗೇ ಕಳಿಸುವವರಲ್ಲ. ‘ನಿಂಗೆ ಕಷಾಯ ಅಲ್ದನಾ? ಮಾಡ್ತೀನಿ’ ಎಂದರು. ‘ಬೇಡಮ್ಮ, ಈ ಮನೇಲಿ ಎಲ್ರೂ ಎಂತ ಕುಡೀತಾರೋ ನಂಗೂ ಅದೇ ಸಾಕು’ ಎಂದಳು ಅಕ್ಕ. ಅವರು ಒಳಗೆ ಹೋದವರು ಸ್ವಲ್ಪ ತಡವಾಗಿ ಕಾಫಿ ತಂದರು, ಜೊತೆಗೆ ಹಲಸಿನ ಹಪ್ಪಳವನ್ನೂ ಕರಿದು ತಂದರು. ಆಮೇಲೆ ರವಿಕೆಯ ತೋಳು, ಹಪ್ಪಳಕ್ಕೆ ಎಂಥ ಹಲಸು ಒಳ್ಳೆಯದು, ಹೊಸ ಕರುವಿಗೆ ಯಾವ ಹೆಸರು. ನನ್ನ ಕಣ್ಣೆದುರೇ ಎರಡು ಬಸ್ಸು ಹೋದವು. ಅಕ್ಕ ಎರಡನೇ ಲೋಟ ಕಾಫಿಯನ್ನೂ ಕುಡಿದಳು. ವಿಷಯದ ಸುಳಿವಿಲ್ಲ. ಇವಳಿಗೆ ವರದಿಗಾರಿಕೆಯಲ್ಲಿ ಸೊನ್ನೆ ಎಂದು ನಾನು ಮನಸ್ಸಿನಲ್ಲೇ ಅಂಕ ಕೊಟ್ಟೆ.

ಹೊರಡುವಾಗ ಕುಂಕುಮ ಕೊಡುತ್ತಾ ಸಾವಿತ್ರಮ್ಮನೇ ಕೇಳಿದರು. ‘ಅದೆಂತದು ಬಿ.ಎಡ್., ಎಷ್ಟು ದಿನದ್ದು?’

‘ಒಂದು ವರ್ಷ ಅಮ್ಮ.’

‘ಒಂದು ವರ್ಷ ಎಂತ ಮಹಾ ಮಾರಾಯ್ತಿ. ಓದು. ಶೃಂಗೇರಿಯವರಿಗೆ ಇವತ್ತೇ ಹೇಳಿ ಕಳಿಸ್ತೀನಿ’ ಎಂದರು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ‘ಹುಡುಗ ಇಷ್ಟ ಅಂತ ನೀನೂ ಹೇಳಲೇ ಇಲ್ಲವಲ್ಲೇ! ಅವರಿಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದೆ.

‘ಕಾಫಿ ಕುಡಿದ್ನಲ್ಲ.’

‘ಅದರಲ್ಲೇನು?’

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ‘ಹೊಟ್ಟೆಗೆ ಆಗಲ್ಲ ಅಂತ ನಾನು ಕಾಫಿ ಬಿಟ್ಟು ಎರಡು ವರ್ಷ ಆಯ್ತು ಕಣೋ. ಸಾವಿತ್ರಮ್ಮ ನಮ್ಮನೆಗೆ ಬಂದಿದ್ದು ಒಂದೇ ಸಲ. ಅವತ್ತೇ ಅದನ್ನ ನೋಡಿಟ್ಕೊಂಡಿದ್ರು’ ಎಂದಳು.

ಆ ಎರಡು ವರ್ಷವೂ ಬೆಳಗಾದರೆ ನಾನು ಪುಸ್ತಕ ತೆರೆದು, ವರದಿಗಾರನಿಗೆ ಬೇಕಾದ ಗುಣಗಳಲ್ಲಿ ಸೂಕ್ಷ್ಮವಾಗಿ ಗಮನಿಸುವುದೇ ಮೊದಲನೆಯದೆಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಆಗ ಕಾಫಿ ಮಾಡಿ ತಂದು ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದವಳು ಅಕ್ಕನೇ. ಅವಳು ತರುತ್ತಿದ್ದದ್ದು ಒಂದೇ ಲೋಟ.