ಜೋನಾಸಜ್ಜನ ಸ್ವೆಟರ್

ಆ ಶನಿವಾರ ಬೆಳಿಗ್ಗೆ ಹರ್ಬರ್ಟ್ ಥೀಕರ್ ಮಾಡಿದ ತಪ್ಪು ಇಷ್ಟೇ: ಬಟ್ಟೆ ಒಗೆಯುವ ಮೆಷಿನ್ನಿನ ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿಬಿಟ್ಟ. ಹೆಂಡತಿ ಎಡ್ನಾ ಇರುವವರೆಗೆ ಅವನು ಆ ಮೆಷಿನ್ನಿನ ಹತ್ತಿರ ಸುಳಿದವನಲ್ಲ. ಅವಳು ತೀರಿಕೊಂಡ ಮೇಲೆ ಮೂರು ವರ್ಷದಿಂದ ಎಲ್ಲ ಬಟ್ಟೆಯನ್ನೂ ಕುದಿನೀರಿನಲ್ಲೇ ಒಗೆದು, ಹೊರಬಂದದ್ದನ್ನು ದೇವರ ಇಚ್ಛೆಯೆಂದು ತೊಟ್ಟುಕೊಳ್ಳುತ್ತಿದ್ದ. ಆದರೆ ಅವತ್ತು ಒಳಗೆ ಹೋದದ್ದು ಅವನ ಬನಿಯನ್ನಲ್ಲ, ಅಜ್ಜ ಜೋನಾಸನ ನೀಲಿ ಉಣ್ಣೆ ಸ್ವೆಟರ್. ನುಸಿಗುಳಿಗೆ ವಾಸನೆ ಹೊಡೆಯುತ್ತಿದೆ, ನಾಲ್ಕು ಜನ ನೋಡುವ ವಸ್ತು, ಸ್ವಲ್ಪ ಶುಚಿಯಾಗಿರಲಿ ಎಂದು ಹಾಕಿದ್ದ.

ಹೊರಗೆ ಬಂದದ್ದು ಬೆಕ್ಕಿನ ಮರಿಗೂ ಬಿಗಿಯಾಗುವಂಥ ಒಂದು ಗಟ್ಟಿ ತುಂಡು. ಎರಡು ಪುಟ್ಟ ತೋಳುಗಳು ಮಾತ್ರ ಇನ್ನೂ ತೋಳಿನ ಹಾಗೆ ಕಾಣುತ್ತಿದ್ದವು.

ಹರ್ಬರ್ಟ್ ಅದನ್ನು ಹಿಡಿದುಕೊಂಡೇ ಅಡುಗೆಮನೆಯ ಕುರ್ಚಿಯ ಮೇಲೆ ಕೂತ. ಸ್ಕಾರ್‌ವಿಕ್ ಎಂಬ ಆ ಪುಟ್ಟ ಬಂದರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಸ್ವೆಟರಿನದು. ಸಾವಿರದ ಒಂಬೈನೂರ ಏಳರ ಬಿರುಗಾಳಿಯಲ್ಲಿ, ಗುಡ್ಡದಾಚೆಯ ಥಾರ್ನ್‌ಹೇವನ್ ಹಳ್ಳಿಯ ದೋಣಿಯೊಂದು ಮಗುಚಿದಾಗ, ಸ್ಕಾರ್‌ವಿಕ್ಕಿನ ಹದಿಮೂರು ಜನ ರಕ್ಷಣಾ ದೋಣಿಗೆ ಹುಟ್ಟು ಹಾಕಿ ನಾಲ್ವರನ್ನು ಎತ್ತಿ ತಂದಿದ್ದರು. ಆ ಹದಿಮೂರು ಜನರ ಪಟ್ಟಿ ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ನೀರು ಕುಡಿದು ಹಾಳಾಗಿತ್ತು. ಹನ್ನೆರಡು ಹೆಸರು ಹೇಗೋ ಸಿಕ್ಕವು. ಹದಿಮೂರನೆಯವನು ನಮ್ಮಜ್ಜ ಎಂದು ಹರ್ಬರ್ಟ್ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು, ಸ್ಟಾಂಪು ಕೊಳ್ಳಲು ಬಂದವರಿಗೆಲ್ಲ ನಲವತ್ತು ವರ್ಷ ಹೇಳಿದ್ದ.

ಅಜ್ಜ ಅವನಿಗೆ ಹೇಳಿದ್ದು ಒಂದೇ ಮಾತು. "ಆವತ್ತು ಆ ದೋಣೀಲಿ ನಾನೂ ಇದ್ದೆ ಮಗಾ. ಚಳಿ ಅಂದ್ರೆ ಚಳಿ." ಅಷ್ಟು ಹೇಳಿ ಪೈಪು ಬಾಯಿಗಿಟ್ಟು ಸುಮ್ಮನಾಗುತ್ತಿದ್ದ. ದೊಡ್ಡವರು ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ ಎಂದು ಹರ್ಬರ್ಟ್ ಅಂದುಕೊಂಡಿದ್ದ. ಆ ಕೊರತೆಯನ್ನು ತಾನೇ ತುಂಬಿಕೊಟ್ಟಿದ್ದ.

ಅವತ್ತು ಮಧ್ಯಾಹ್ನ ಮೂರಕ್ಕೆ ಮಂದಿರದ ಸಭಾಂಗಣದಲ್ಲಿ ಹದಿಮೂರು ಹೆಸರಿನ ಹಿತ್ತಾಳೆ ಫಲಕದ ಅನಾವರಣ. ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಸ್ವೆಟರ್.

ಹತ್ತು ಗಂಟೆಗೇ ಬಾಗಿಲು ಬಡಿದ ಸದ್ದಾಯಿತು. ಊರಿನ ಇತಿಹಾಸ ಸಂಘದ ಕಾರ್ಯದರ್ಶಿ, ನಿವೃತ್ತ ಶಾಲಾ ಶಿಕ್ಷಕಿ ಮ್ಯೂರಿಯಲ್ ಹಾರ್ಲಂಡ್. ಬಚ್ಚಿಡಲು ಜಾಗ ಕಾಣದೆ ಹರ್ಬರ್ಟ್ ಆ ತುಂಡನ್ನು ಟೀಪಾಟಿನ ತಲೆಯ ಮೇಲಿಂದ ಎಳೆದುಬಿಟ್ಟ. ಮೂತಿ ಒಂದು ತೋಳಿನಿಂದ, ಹಿಡಿ ಇನ್ನೊಂದು ತೋಳಿನಿಂದ ಹೊರಬಂತು. ಅಳತೆ ಕೊಟ್ಟು ಹೊಲಿಸಿದಂತಿತ್ತು.

"ಸ್ವೆಟರ್ ಕೊಡಿ, ಪೆಟ್ಟಿಗೆ ಕಾಯ್ತಾ ಇದೆ," ಎಂದರು ಟೀಚರು ಒಳಗೆ ಬರುತ್ತಲೇ.

"ಇಸ್ತ್ರಿ ಆಗ್ತಾ ಇದೆ ಟೀಚರೇ. ನಾನೇ ತರ್ತೀನಿ."

"ಎರಡೂವರೆಗೆ ಅಲ್ಲಿರ್ಬೇಕು. ನೀವು ಸ್ಕೂಲಲ್ಲೂ ತಡವಾಗೇ ಬರ್ತಿದ್ರಂತೆ." ಟೀಚರು ಟೀಪಾಟನ್ನು ನೋಡಿ ತಾವೇ ಒಂದು ಕಪ್ಪು ಬಗ್ಗಿಸಿಕೊಂಡರು. "ಅಯ್ಯೋ, ಟೀ ಆರ್ದೇ ಇರೋಕೆ ಅಂಗಿನಾ? ಎಷ್ಟು ಮುದ್ದಾಗಿದೆ! ಯಾರು ಮಾಡ್ಕೊಟ್ರು?"

"ಮನೇಲೇ ಆಗಿದ್ದು," ಎಂದ ಹರ್ಬರ್ಟ್. ಅದೊಂದು ನಿಜ ಹೇಳಿದ.

ಅವರು ಹೋದ ಮೇಲೆ ಅವನು ಊರೆಲ್ಲ ಮನಸ್ಸಿನಲ್ಲೇ ಜಾಲಾಡಿದ. ಹಳೆಯ ನೀಲಿ ಸ್ವೆಟರ್ ಯಾರಲ್ಲಿದೆ? ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಆಗ ನೆನಪಾದದ್ದು ಸೆತ್ ಕ್ಯಾಪಲ್‌ಮನ್ನನ ಬಟಾಣಿ ತೋಟ. ಅಲ್ಲಿ ಕೋಲಿನ ಮೇಲೆ ಕೈಚಾಚಿ ನಿಂತ ಬೆರ್ಚಪ್ಪನ ಮೈಮೇಲೆ ಒಂದು ನೀಲಿ ಸ್ವೆಟರ್ ಇತ್ತು. ಸೆತ್ ಏಡಿ ಹಿಡಿಯಲು ಹೋದವನು ಎರಡು ಗಂಟೆಯವರೆಗೆ ದಡ ಸೇರುವವನಲ್ಲ.

ಅರವತ್ತಾರರ ವಯಸ್ಸಿನಲ್ಲಿ ಬೇಲಿ ಹಾರುವುದು, ಅದೂ ಭಾನುವಾರದ ಪ್ರಾರ್ಥನೆಗೆಂದು ಇಟ್ಟ ಒಳ್ಳೆಯ ಕೋಟು ತೊಟ್ಟು, ಸುಲಭವಲ್ಲ. ಬೆರ್ಚಪ್ಪನ ಬಟ್ಟೆ ಬಿಚ್ಚುವಾಗ ಹರ್ಬರ್ಟನಿಗೆ ಯಾರೋ ನಿದ್ದೆ ಮಾಡುವವರನ್ನು ದೋಚುತ್ತಿದ್ದೇನೆ ಎನಿಸಿತು. "ಕ್ಷಮಿಸಪ್ಪಾ," ಎಂದು ಬಾಯಿತಪ್ಪಿ ಹೇಳಿಯೂಬಿಟ್ಟ. ಸ್ವೆಟರನ್ನು ಕೋಟಿನೊಳಗೆ ತುರುಕಿಕೊಂಡು ಇಳಿಜಾರಿನಲ್ಲಿ ಬರುವಾಗ ಹುಲ್ಲು ಉದುರುತ್ತ ಬಂತು.

ಓಣಿಯ ತಿರುವಿನಲ್ಲಿ ಬೆಂಚಿನ ಮೇಲೆ ಕೂತಿದ್ದಳು ಡೋರ್ಕಾಸ್ ದೊಡ್ಡಮ್ಮ. ಎಂಬತ್ತಾರು ವರ್ಷ, ಕಣ್ಣು ಮಂಜಾಗಿದೆ, ಕೈಯಲ್ಲಿ ಹೆಣಿಗೆ ಕಡ್ಡಿ ಆಡುತ್ತಲೇ ಇರುತ್ತದೆ. ಊರಿನ ಹೆಂಗಸರಿಗೆಲ್ಲ ಹೆಣಿಗೆ ಕಲಿಸಿದವಳು ಅವಳೇ.

"ಯಾರು, ಹರ್ಬಿನಾ? ಏನೋ ಇದು, ದನದ ಕೊಟ್ಟಿಗೆ ವಾಸನೆ ಬರ್ತಿದೆ."

"ಹೊಸ ಸೋಪು ದೊಡ್ಡಮ್ಮಾ."

"ಯಾವ ಅಂಗಡೀದು? ನಾ ಆ ಕಡೆ ತಲೆ ಹಾಕಲ್ಲ," ಎಂದಳು ಮುದುಕಿ.

ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ಫಲಕ, ಅದಕ್ಕೊಂದು ಕೆಂಪು ಪರದೆ. ಪೆಟ್ಟಿಗೆಯಲ್ಲಿ ಸ್ವೆಟರ್, ಚೆನ್ನಾಗಿ ಬ್ರಷ್ ಮಾಡಿಸಿಕೊಂಡು ಗಂಭೀರವಾಗಿ ಮಲಗಿತ್ತು. ಹರ್ಬರ್ಟನ ಕೋಟಿಗೆ ಟೀಚರು ಬಿಳಿ ರಿಬ್ಬನ್ ಹೂವು ಚುಚ್ಚಿದ್ದರು. ಎಲ್ಲರೂ ಕೈ ಕುಲುಕಿದರು. ಕುಲುಕಿದಷ್ಟೂ ಅವನು ಕುಗ್ಗುತ್ತಿದ್ದ.

"ಪೆಟ್ಟಿಗೆ ಮುಚ್ಚೋ ಮೊದ್ಲು ನಾನೊಂದ್ಸಲ ಮುಟ್ತೀನಿ ಕಣ್ರಮ್ಮಾ," ಎಂದಳು ಡೋರ್ಕಾಸ್. "ಕಣ್ಣಿಗೆ ಕಾಣಲ್ಲ, ಬೆರಳಿಗೆ ಕಾಣುತ್ತೆ."

ಅವಳ ಬೆರಳುಗಳು ಎದೆಯ ಮೇಲಿಂದ ಭುಜಕ್ಕೆ ಏರಿದವು. ಅಲ್ಲೇ ನಿಂತವು.

"ಇದು ನಮ್ಮೂರ ಹೆಣಿಗೆ ಅಲ್ಲ ಕಣ್ರೋ. ನಮ್ದು ಹಗ್ಗ, ಏಣಿ ಚಿತ್ತಾರ. ಇದು ಮೀನಿನ ಮುಳ್ಳು. ಥಾರ್ನ್‌ಹೇವನ್ನೋರದ್ದು!"

ಸಭೆಯಲ್ಲಿ ಗುಜುಗುಜು ಎದ್ದಿತು. ಆ ಕರಾವಳಿಯಲ್ಲಿ ಊರಿಗೊಂದು ಹೆಣಿಗೆ. ಮುಳುಗಿದವನ ಹೆಣ ಯಾವ ದಡಕ್ಕೆ ಸೇರಿದರೂ ಸ್ವೆಟರ್ ನೋಡಿ ಅವನ ಊರಿಗೆ ಹೇಳಿ ಕಳಿಸುತ್ತಿದ್ದರು. ಸ್ಕಾರ್‌ವಿಕ್ಕಿನವನು ಥಾರ್ನ್‌ಹೇವನ್ನಿನ ಸ್ವೆಟರ್ ತೊಡುವುದೆಂದರೆ ಇನ್ನೊಬ್ಬನ ಗೋರಿಯಲ್ಲಿ ಮಲಗಿದಂತೆ. ಜೀವನವಿಡೀ ಸ್ಟಾಂಪು ಮಾರಿದ ಹರ್ಬರ್ಟನಿಗೆ ನೀಲಿ ಎಂದರೆ ನೀಲಿ, ಅಷ್ಟೇ.

ಹಿಂದಿನ ಸಾಲಿನಿಂದ ಸೆತ್ ಎದ್ದು ಬಂದ. ಮೈಯೆಲ್ಲ ಏಡಿ ವಾಸನೆ.

"ಲೋ ಹರ್ಬಿ! ಇದು ನನ್ನ ಬೆರ್ಚಪ್ಪಂದಲ್ವೇನೋ? ಈಗ ತಾನೇ ನೋಡ್ಕೊಂಡು ಬಂದೆ, ಪಾಪ, ಬೆತ್ತಲೆ ನಿಂತಿದಾನೆ!"

ನೆಲ ಬಾಯಿ ಬಿಡಬಾರದೇ ಎನಿಸಿತು ಹರ್ಬರ್ಟನಿಗೆ. ಆದರೆ ಕಳ್ಳನೆನಿಸಿಕೊಂಡರೂ ಸರಿ, ಅಜ್ಜನ ಹೆಸರು ಉಳಿಯಬೇಕು. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಮೆಷಿನ್ನು, ಗುಂಡಿ, ಟೀಪಾಟು, ಬೇಲಿ. "ಇದು ಅಜ್ಜಂದಲ್ಲ. ಅಜ್ಜಂದು ನನ್ನ ಅಡುಗೆಮನೇಲಿದೆ. ನನ್ನ ತಪ್ಪಿಗೆ ಅಜ್ಜನ್ನ ಬಯ್ಬೇಡಿ."

"ನಾನು ಟೀ ಬಗ್ಗಿಸ್ಕೊಂಡೆನಲ್ಲ!" ಎಂದು ಟೀಚರು ಎದೆ ಮುಟ್ಟಿಕೊಂಡರು. "ಓಡಿ, ತನ್ನಿ ಅದನ್ನ. ಎಷ್ಟು ಚಿಕ್ಕದಾಗಿದ್ರೂ ಅಸಲಿ ಅಸಲಿನೇ."

ಹರ್ಬರ್ಟ್ ಓಡಿಹೋಗಿ, ಟೀಪಾಟಿನ ಮೇಲೆ ಇನ್ನೂ ಬೆಚ್ಚಗಿದ್ದ ಆ ತುಂಡನ್ನು ತಂದು ಡೋರ್ಕಾಸಳ ಮಡಿಲಲ್ಲಿಟ್ಟ. ಮುದುಕಿ ತುಂಬ ಹೊತ್ತು ತಡವಿದಳು.

"ಹ್ಞೂಂ. ಹಗ್ಗ, ಏಣಿ. ನಮ್ಮೂರದ್ದೇ." ಸಭೆ ಉಸಿರು ಬಿಟ್ಟಿತು. ಹರ್ಬರ್ಟನೂ ಬಿಟ್ಟ. "ಆದ್ರೆ ಎಡಗಡೆ ಏಣಿಗೆ ಒಂದು ಮೆಟ್ಟಿಲು ಕಮ್ಮಿ. ಈ ತಪ್ಪು ಮಾಡ್ತಿದ್ದೋಳು ಒಬ್ಳೇ. ಎಷ್ಟು ಸಲ ಹೇಳಿಕೊಟ್ರೂ ತಿದ್ಕೊಳ್ಲಿಲ್ಲ. ಇದು ನಿನ್ನ ಎಡ್ನಾ ಹೆಣೆದಿದ್ದು ಕಣೋ ಹರ್ಬಿ."

"ಎಡ್ನಾನಾ? ಅವಳ್ಯಾಕೆ ಹೆಣೀತಾಳೆ? ಅಜ್ಜಂದು ಇತ್ತಲ್ಲ!"

ಸೆತ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ದನಿ ಇಳಿದಿತ್ತು. "ಲೋ, ನನ್ನ ಬೆರ್ಚಪ್ಪಂಗೆ ಆ ಸ್ವೆಟರ್ ಕೊಟ್ಟೋಳೂ ಅವಳೇ ಕಣೋ. ಸಾಯೋಕೆ ಮುಂಚಿನ ವರ್ಷ. 'ನನ್ನ ಕೈಲಾಗಲ್ಲ ಸೆತ್, ನೀನೇ ಒಲೆಗೆ ಹಾಕ್ಬಿಡು, ಹರ್ಬಿಗೆ ಹೇಳ್ಬೇಡ' ಅಂದ್ಳು. ಒಳ್ಳೆ ಉಣ್ಣೆ, ಯಾಕೆ ಸುಡೋದು ಅಂತ ತೋಟದಲ್ಲಿ ನಿಲ್ಸಿದೆ. ಥಾರ್ನ್‌ಹೇವನ್ನೋನೊಬ್ಬ ನನ್ನ ಬಟಾಣಿ ಕಾಯ್ತಿದಾನೆ ಅನ್ನೋ ಖುಷಿ ಬೇರೆ."

ಡೋರ್ಕಾಸ್ ಪೆಟ್ಟಿಗೆಗೆ ಮತ್ತೆ ಕೈ ಹಾಕಿ ಸ್ವೆಟರಿನ ಕೆಳ ಅಂಚನ್ನು ಮಗುಚಿದಳು. ಅಲ್ಲಿ ಹೆಣಿಗೆಯಲ್ಲೇ ಎರಡು ಅಕ್ಷರ ಉಬ್ಬಿದ್ದವು.

"ಜೆ. ಟಿ.," ಎಂದು ಓದಿದರು ಟೀಚರು. "ಜೋನಾಸ್ ಥೀಕರ್."

"ಬಿರುಗಾಳೀಲಿ ಬದುಕಿಸಿ ತಂದ ಆ ನಾಲ್ವರಲ್ಲಿ ಮೂವರು ಮಾರನೇ ದಿನ ಊರಿಗೆ ಹೋದ್ರಂತೆ," ಎಂದಳು ಡೋರ್ಕಾಸ್ ಮೆಲ್ಲಗೆ. "ಒಬ್ಬ ಹೋಗ್ಲಿಲ್ಲ. ಬಿಸಿ ಸೂಪು ಕುಡಿಸಿದ ಹುಡುಗೀನ ಮದ್ವೆಯಾಗಿ ಇಲ್ಲೇ ನಿಂತ. ಯಾರಮ್ಮಾ ಅಂತ ಕೇಳಿದ್ರೆ ನಮ್ಮಮ್ಮ ಬಾಯಿ ಮೇಲೆ ಹೊಡೀತಿದ್ಲು. ಒಳ್ಳೆ ಮನುಷ್ಯ, ಹೆಸರು ಯಾಕೆ ಅನ್ನೋಳು."

ಅಜ್ಜ ಸುಳ್ಳು ಹೇಳಿರಲಿಲ್ಲ. ಆವತ್ತು ಆ ದೋಣಿಯಲ್ಲಿ ಅವನೂ ಇದ್ದ. ಹುಟ್ಟು ಹಾಕುವವರ ಕಾಲ ಬಳಿ, ತೊಯ್ದು ತೊಪ್ಪೆಯಾಗಿ, ಚಳಿಗೆ ನಡುಗುತ್ತ ಮಲಗಿದ್ದ.

ಟೀಚರು ಪರದೆಯ ಹಿಂದೆ ಕೈ ಹಾಕಿ ಹದಿಮೂರನೆಯ ಹೆಸರಿನ ಮೇಲೆ ಅಂಟುಪಟ್ಟಿ ಒತ್ತಿದರು. ಅದರ ಸದ್ದು ಎಲ್ಲರಿಗೂ ಕೇಳಿಸಿತು. ಹರ್ಬರ್ಟನಿಗೆ ನಾಚಿಕೆಯಾದದ್ದು ಅಜ್ಜನ ಬಗ್ಗೆ ಅಲ್ಲ. ತಾನು ಊರೆಲ್ಲ ಜಂಬ ಕೊಚ್ಚಿಕೊಂಡು ಬರುತ್ತಿದ್ದಾಗ, ಎಡ್ನಾ ಮನೆಯಲ್ಲಿ ಕದ್ದು ಕೂತು ತಿಂಗಳುಗಟ್ಟಲೆ ಆ ಜಂಬಕ್ಕೊಂದು ಸ್ವೆಟರ್ ಹೆಣೆದಿದ್ದಳು. ಗೊತ್ತಿದ್ದೂ ಒಂದು ದಿನ ನಕ್ಕವಳಲ್ಲ. ಅವಳು ಹೆಣೆದದ್ದನ್ನು ಅವನು ಕುದಿಸಿದ. ಅವಳು ಮುಚ್ಚಿಟ್ಟದ್ದನ್ನು ಬೇಲಿ ಹಾರಿ ಕದ್ದು ತಂದು, ತಾನೇ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಅವನಿಗೆ ಅಲ್ಲೇ ಗಟ್ಟಿಯಾಗಿ ಅಳಬೇಕೆನಿಸಿತು.

"ನಿಮ್ಮಜ್ಜಂದು ಇಲ್ಲೇ ಇರ್ಲಿ ಬಿಡು," ಎಂದ ಸೆತ್, ಅವನ ಬೆನ್ನ ಮೇಲೆ ಕೈಯಿಟ್ಟು. ಹರ್ಬರ್ಟನ ಕಣ್ಣು ತುಂಬಿ ಬಂತು. "ಆದ್ರೆ ನನ್ನ ಬಟಾಣಿ ಯಾರು ಕಾಯ್ತಾರೆ? ಕೋಟು ಬಿಚ್ಚು."

ಹರ್ಬರ್ಟ್ ರಿಬ್ಬನ್ ಹೂವಿನ ಸಮೇತ ಬಿಚ್ಚಿಕೊಟ್ಟ.

ಮರುದಿನ ಪ್ರಾರ್ಥನೆಗೆ ಹೋಗುವವರೆಲ್ಲ ತೋಟದ ಬೇಲಿಯ ಬಳಿ ನಿಂತು, ಎದೆಗೆ ರಿಬ್ಬನ್ ಹೂವು ಚುಚ್ಚಿಕೊಂಡು ಕೈಚಾಚಿ ನಿಂತಿದ್ದ ಬೆರ್ಚಪ್ಪನನ್ನು ಮಾತನಾಡಿಸಿದರು. "ಏನ್ ಹರ್ಬಿ, ಇವತ್ತು ಅಜ್ಜನ ಕತೆ ಇಲ್ವಾ?" ಪಾರಿವಾಳಗಳೆರಡು ಅದರ ಭುಜದ ಮೇಲೆ ನೆಮ್ಮದಿಯಾಗಿ ಕೂತಿದ್ದವು.

ಹರ್ಬರ್ಟ್ ಅವತ್ತು ಪ್ರಾರ್ಥನೆಗೆ ಹೋಗಲಿಲ್ಲ. ಟೀ ಮಾಡಿ, ಟೀಪಾಟಿಗೆ ಎಡ್ನಾಳ ಸ್ವೆಟರ್ ತೊಡಿಸಿ, ಎದುರಿಗೆ ಕೂತ. ಬಗ್ಗಿಸಲು ಕೈ ಬರಲಿಲ್ಲ. ಒಂದು ಮೆಟ್ಟಿಲು ಕಡಿಮೆಯಿದ್ದ ಆ ಏಣಿಯನ್ನೇ ನೋಡುತ್ತ ಕೂತಿದ್ದ. ಟೀ ಮಾತ್ರ ಮಧ್ಯಾಹ್ನದವರೆಗೂ ಬಿಸಿಯಾಗಿಯೇ ಇತ್ತು.